ಸುಣ್ಣದ ಸಾಹೇಬರು ಸೂಜಿ ಹಿಡಿದದ್ದು

ಇನ್ನೊಬ್ಬರ ತಪ್ಪು ಹುಡುಕುವುದಕ್ಕೇ ಸಂಬಳ ಕೊಡುವ ಕೆಲಸವೊಂದು ಸಿಕ್ಕಿಬಿಟ್ಟರೆ ಮನುಷ್ಯ ಎಷ್ಟರಮಟ್ಟಿಗೆ ಕೆಡಬಹುದು ಎಂಬುದನ್ನು ನೋಡಬೇಕಿದ್ದರೆ ಸುಣ್ಣದ ಸಾಹೇಬರನ್ನು ನೋಡಬೇಕು. ಉಣ್ಣೆ ಗಿರಣಿಯ ತಪಾಸಣೆ ಕೋಣೆಯಲ್ಲಿ ಅವರು ಮೂವತ್ತೊಂದು ವರ್ಷ ಕೆಲಸ ಮಾಡಿದರು. ಕೆಲಸವೆಂದರೆ ಇಷ್ಟೇ: ದೊಡ್ಡ ಕಿಟಕಿಯ ಪಕ್ಕ ಓರೆಯಾಗಿ ನಿಲ್ಲಿಸಿದ ಮೇಜು, ಅದರ ಮೇಲೆ ನಿಧಾನವಾಗಿ ಜಾರಿ ಬರುವ ಬಟ್ಟೆ, ಸಾಹೇಬರ ಕೈಯಲ್ಲಿ ಒಂದು ತುಂಡು ಸೀಮೆಸುಣ್ಣ. ತೂತು ಕಂಡರೆ ವೃತ್ತ, ಗಂಟು ಕಂಡರೆ ಕತ್ತರಿ ಗುರುತು, ಎಳೆ ತಪ್ಪಿದ್ದರೆ ಉದ್ದಕ್ಕೊಂದು ಗೀಟು. ಹಾಗೆ ಗೀಚಿದ ಬಟ್ಟೆಯ ಥಾನು ಗೋಡೆಯಾಚೆಯ ರಫೂ ಕೋಣೆಗೆ ಹೋಗುತ್ತಿತ್ತು. ಅಲ್ಲಿ ಹದಿನೆಂಟು ಹೆಂಗಸರು ಬೆನ್ನು ಬಗ್ಗಿಸಿ ಕೂತು, ಸೂಜಿಯಲ್ಲಿ ಒಂದೊಂದೇ ಎಳೆ ತೂರಿಸಿ, ತೂತಿದ್ದ ಜಾಗದಲ್ಲಿ ಬಟ್ಟೆಯನ್ನು ಮತ್ತೆ ನೇಯುತ್ತಿದ್ದರು. ರಫೂ ಆದದ್ದು ವಾಪಸ್ ಸಾಹೇಬರ ಮೇಜಿಗೆ. ಅವರು ಕಣ್ಣು ಮುಚ್ಚಿ ಅಂಗೈಯನ್ನು ಬಟ್ಟೆಯ ಮೇಲೆ ಓಡಿಸುವರು. ಬೆರಳಿಗೆ ಕೂದಲೆಳೆಯಷ್ಟು ತಡೆ ಸಿಕ್ಕರೂ ಸಾಕು, ಮತ್ತೆ ವೃತ್ತ, ಮತ್ತೆ ವಾಪಸ್.

ಈ ಮೂವತ್ತೊಂದು ವರ್ಷದಲ್ಲಿ ಮಹಾನುಭಾವರು ಒಮ್ಮೆಯೂ ಸೂಜಿ ಮುಟ್ಟಲಿಲ್ಲ. ಮುಟ್ಟುವುದು ತಮ್ಮ ಘನತೆಗೆ ಕುಂದು ಎಂದು ಬಾಯಿಬಿಟ್ಟು ಹೇಳುತ್ತಿದ್ದರು. "ಹೊಲಿಯೋಕೆ ಕೈ ಇದ್ರೆ ಸಾಕು, ನೋಡೋಕೆ ಕಣ್ಣು ಬೇಕು" ಎನ್ನುವುದು ಅವರ ಮಾತು. ಮೊಸರಲ್ಲಿ ಕಲ್ಲು ಹುಡುಕುವವರು ಎಲ್ಲ ಊರಲ್ಲೂ ಇರುತ್ತಾರೆ. ಹುಡುಕಿದ ಕಲ್ಲನ್ನು ಎದೆಯ ಮೇಲೆ ಪದಕದಂತೆ ಹಾಕಿಕೊಂಡು ತಿರುಗಿದವರು ಇವರೊಬ್ಬರೇ. ರಫೂ ಕೋಣೆಯ ಹೆಂಗಸರು ಅವರಿಗೆ ಸುಣ್ಣದ ಸಾಹೇಬರು ಎಂದು ಹೆಸರಿಟ್ಟರು. ಅದರಲ್ಲಿದ್ದ ತಾತ್ಸಾರ ಸಾಹೇಬರಿಗೆ ಕಾಣಲಿಲ್ಲ. ಸಾಹೇಬರು ಎಂದರಲ್ಲ, ಅಷ್ಟು ಸಾಕಾಯಿತು.

ಆ ಹದಿನೆಂಟು ಜನರಲ್ಲಿ ನಾಲ್ಕನೇ ಮೇಜಿನವಳನ್ನು ಅವರು ಮದುವೆಯಾದರು. ಆಕೆಯ ರಫೂ ಒಂದು ದಿನವೂ ವಾಪಸ್ ಹೋಗಿರಲಿಲ್ಲ. ತಪ್ಪೇ ಸಿಗದ ಹೆಣ್ಣು ಎಂದು ಅವರ ಮನಸ್ಸು ಅಲ್ಲಿ ನಿಂತಿತು. ಮದುವೆಯಾದ ಮೂರನೇ ವಾರಕ್ಕೆ ಕೆಲಸ ಬಿಡಿಸಿದರು. "ನಾನು ಗೀಚಿದ್ದನ್ನ ನನ್ನ ಹೆಂಡ್ತಿ ಹೊಲಿಯೋದು ಚೆನ್ನಾಗಿರಲ್ಲ" ಎಂದರು. ಹೆಂಡತಿಯ ಬೆನ್ನುನೋವಿನ ಮೇಲಿನ ಕನಿಕರವಲ್ಲ ಅದು, ತಮ್ಮ ಕುರ್ಚಿಯ ಮರ್ಯಾದೆಯ ಚಿಂತೆ. ಆಕೆ ತನ್ನ ಸೂಜಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

ನಿವೃತ್ತಿಯಾದ ಮೇಲಾದರೂ ಸುಮ್ಮನಿರಬೇಕಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಗಿರಣಿಯಿಂದ ಬರುವಾಗ ಒಂದು ಪೆಟ್ಟಿಗೆ ಸೀಮೆಸುಣ್ಣವನ್ನೂ ಕಂಕುಳಲ್ಲಿಟ್ಟುಕೊಂಡು ಬಂದರು. ಬಾಡಿಗೆ ಮನೆಯ ಎರಡು ಕೋಣೆಗಳೇ ಅವರ ತಪಾಸಣೆ ಕೋಣೆಯಾದವು. ಹಾಸಿಗೆಯ ಹೊದಿಕೆಯಲ್ಲಿ ಚಹಾದ ಕಲೆ ಕಂಡರೆ ಸುತ್ತ ಒಂದು ವೃತ್ತ. ಬೀರುವಿನ ಬಾಗಿಲಿಗೆ ಕೈಗುರುತು ಬಿದ್ದಿದ್ದರೆ ವೃತ್ತ. ಗೋಡೆಯ ಮೂಲೆಯಲ್ಲಿ ಜೇಡರ ಬಲೆ ಇದ್ದರೆ ಸ್ಟೂಲು ಹತ್ತಿ ವೃತ್ತ. ಸ್ಟೂಲು ಹತ್ತುವ ಮನುಷ್ಯ ಕೈಯಲ್ಲಿ ಸೀಮೆಸುಣ್ಣದ ಬದಲು ಪೊರಕೆ ಹಿಡಿದಿದ್ದರೆ ಕೆಲಸವೇ ಮುಗಿಯುತ್ತಿತ್ತಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ, ಅವರಿಗೆ ಹೊಳೆಯಲಿಲ್ಲ. ಹೆಂಡತಿ ಬೆಳಗ್ಗೆ ಎದ್ದು ವೃತ್ತವನ್ನೂ ಅದರೊಳಗಿನ ಕಲೆಯನ್ನೂ ಒರೆಸುವಳು. ಸಂಜೆಗೆ ಹೊಸದು ಎದ್ದಿರುತ್ತಿತ್ತು.

ಹೀಗೆ ಮೂರು ವರ್ಷ ಕಳೆಯಿತು. ನಾಲ್ಕನೆಯ ಚಳಿಗಾಲದ ಒಂದು ಭಾನುವಾರ ಗಿರಣಿಯ ಹಳೆಯ ಗೋದಾಮು ಮೇನೇಜರರು ಹೆಂಡತಿಯ ಜೊತೆ ಚಹಾಕ್ಕೆ ಬಂದರು. ಸಾಹೇಬರು ತಮ್ಮ ಬೂದು ಬಣ್ಣದ ಉಣ್ಣೆ ಕೋಟನ್ನು ಕೊಡವಿ ತೋರಿಸುತ್ತ, "ಇಪ್ಪತ್ತಾರು ವರ್ಷ ಆಯ್ತು ಸ್ವಾಮಿ, ಒಂದೇ ಒಂದು ತೂತು ಹುಡುಕಿ ಕೊಡಿ ನೋಡೋಣ. ಬಟ್ಟೆ ನೋಡಿ ಆರಿಸೋಕೆ ಬರಬೇಕು" ಎಂದು ಕೊಚ್ಚಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಸಾಹೇಬರ ಹೆಂಡತಿ ಚಹಾದ ಲೋಟಗಳನ್ನು ಮುಂದೆ ಇಡಲು ಬಗ್ಗಿದಳು. ಆಕೆ ಹಾಕಿಕೊಂಡಿದ್ದು ತಾನೇ ಹೆಣೆದ ಕಡುಗೆಂಪು ಸ್ವೆಟರು. ಎಡ ಮೊಣಕೈಯಲ್ಲಿ ಅಲಸಂದೆ ಕಾಳಿನಷ್ಟು ತೂತು. ಸಾಹೇಬರ ಕೈ ತಾನಾಗಿ ಜೇಬಿಗೆ ಹೋಯಿತು. ಹೆಂಡತಿಯ ತೋಳನ್ನು ಹಿಡಿದು, ಅತಿಥಿಗಳ ಕಣ್ಣೆದುರೇ, ಆ ತೂತಿನ ಸುತ್ತ ಬೆಳ್ಳಗೆ ಒಂದು ವೃತ್ತ ಎಳೆದರು. "ನೋಡಿದ್ರಾ? ನನ್ನ ಮನೇಲೇ!" ಎಂದು ನಕ್ಕರು.

ಮೇನೇಜರರೂ ನಕ್ಕರು. ಅವರ ಹೆಂಡತಿ ಲೋಟದೊಳಗೆ ನೋಡುತ್ತ ಕೂತಳು. ಸಾಹೇಬರ ಹೆಂಡತಿ ಮಾತ್ರ ತೋಳು ಬಿಡಿಸಿಕೊಂಡು, ಉಳಿದ ಲೋಟಗಳನ್ನೂ ಚೆಲ್ಲದಂತೆ ಇಟ್ಟು ಒಳಗೆ ಹೋದಳು. ಮರುದಿನ ಬೆಳಗ್ಗೆ ಸ್ವೆಟರು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು, ಆಕೆ ಬಾಗಿಲಲ್ಲಿ ಒಂದು ಕೈಚೀಲ ಹಿಡಿದು ನಿಂತಿದ್ದಳು.

"ತಂಗಿ ಮನೆಗೆ ಹೋಗ್ತಿದೀನಿ ರೀ. ಮುಂದಿನ ಭಾನುವಾರ ಬಂದು ಉಳಿದ ಬಟ್ಟೆ ತಗೊಂಡು ಹೋಗ್ತೀನಿ."

ಸಾಹೇಬರಿಗೆ ಈ ವಾಕ್ಯದಲ್ಲಿ ಬರುತ್ತೇನೆ ಎಂಬುದೊಂದೇ ಕಿವಿಗೆ ಬಿತ್ತು. "ಹೋಗ್ಬಾ, ಹೋಗ್ಬಾ. ಅಡುಗೆಮನೆ ಕಿಟಕಿ ಹಾಕಿದೀಯಾ?" ಎಂದು ಕೇಳಿ ಪತ್ರಿಕೆ ಬಿಡಿಸಿದರು.

ಬುಧವಾರ ನಾದಿನಿಯ ಫೋನು ಬಂತು. "ಭಾವ, ಹೇಳ್ಬೇಡ ಅಂತ ಅಕ್ಕ ಅಂದಿದಾಳೆ, ಆದ್ರೂ ಹೇಳ್ತಿದೀನಿ. ಅವಳು ಇನ್ಮೇಲೆ ಇಲ್ಲೇ ಇರ್ತಾಳಂತೆ. ಹಿಂದಿನ ಕೋಣೆಯಿಂದ ನನ್ನ ಹೊಲಿಗೆ ಮಿಷಿನ್ನು ಎತ್ತಿಸಿ ಮಂಚ ಹಾಕಿಸಿದೀವಿ. ಭಾನುವಾರ ಬಂದು ಬಟ್ಟೆಬರೆ ಎಲ್ಲಾ ತರ್ತಾಳೆ."

"ಯಾಕೆ? ನಾನೇನು ಮಾಡ್ದೆ?"

"ನೀವೇನೂ ಮಾಡ್ಲಿಲ್ಲ ಭಾವ. ಅದೇ ತೊಂದ್ರೆ ಇರ್ಬೇಕು" ಎಂದು ನಾದಿನಿ ಫೋನಿಟ್ಟಳು.

ಇಷ್ಟು ಹೊತ್ತೂ ಇದ್ದ ಜಂಬವೆಲ್ಲ ಸೋರಿಹೋಗಿ, ಅರವತ್ತೊಂದು ವರ್ಷದ ಮನುಷ್ಯ ಹೆದರಿದ ಮಗುವಿನಂತೆ ಕುರ್ಚಿಯ ಅಂಚಿಗೆ ಕೂತುಬಿಟ್ಟರು. ಆಕೆ ಇಲ್ಲದ ಮನೆ ಎಂದರೆ ಹೇಗಿರುತ್ತದೆ ಎಂದು ಅವರು ಯೋಚಿಸಿಯೇ ಇರಲಿಲ್ಲ. ಹೆದರಿಕೆಯಲ್ಲಾದರೂ ಬುದ್ಧಿ ಬಂದಿತೇ? ಇಲ್ಲ. ಅವರ ತಲೆಗೆ ಹೊಳೆದದ್ದು ಇದು: ಜಗಳ ಬಂದಿರುವುದು ತೂತಿನಿಂದ, ಆದ್ದರಿಂದ ತೂತು ಮುಚ್ಚಿದರೆ ಜಗಳವೂ ಮುಚ್ಚುತ್ತದೆ. ಗಿರಣಿಯಲ್ಲಿ ಹಾಗೇ ಅಲ್ಲವೇ? ವೃತ್ತದೊಳಗಿನ ದೋಷ ಹೋದರೆ ಥಾನು ಪಾಸು. ಭಾನುವಾರದೊಳಗೆ ಆ ಮೊಣಕೈಯನ್ನು ತಮ್ಮ ಕೈಯಾರೆ ಸರಿಮಾಡಿ ಇಡುವುದು, ಆಕೆ ನೋಡುವುದು, ಕೈಚೀಲ ಕೆಳಗಿಡುವುದು. ಹದಿನೆಂಟು ಹೆಂಗಸರು ಹರಟೆ ಹೊಡೆಯುತ್ತ ಮಾಡುತ್ತಿದ್ದ ಕೆಲಸ, ಅದೇನು ಬ್ರಹ್ಮವಿದ್ಯೆಯೇ?

ಗುರುವಾರ ಬೆಳಗ್ಗೆ ಕಿಟಕಿಯ ಪಕ್ಕ ಮೇಜು ಎಳೆದುಕೊಂಡು ಕೂತರು. ಮೊದಲು ಫೋನಿನಲ್ಲಿ ಒಂದು ವಿಡಿಯೋ ಹಾಕಿದರು: ಉಣ್ಣೆ ಬಟ್ಟೆಯ ತೂತು ಮನೆಯಲ್ಲೇ ಮುಚ್ಚುವುದು ಹೇಗೆ, ಹೊಸಬರಿಗಾಗಿ. ಉಗುರಿಗೆ ನೀಲಿ ಬಣ್ಣ ಹಚ್ಚಿಕೊಂಡ ಹುಡುಗಿಯೊಬ್ಬಳು ನಗುನಗುತ್ತ ಶುರುಮಾಡಿದಳು. ಸಾಹೇಬರು ಮೊದಲ ನಿಮಿಷದಲ್ಲಿ ಆಕೆಯ ಮೇಜಿನ ಬಟ್ಟೆಯಲ್ಲಿ ಎರಡು ಕಲೆ ಹಿಡಿದರು, ಎರಡನೇ ನಿಮಿಷದಲ್ಲಿ ಆಕೆಯ ತೋಳಿನ ಹೊಲಿಗೆ ಓರೆಯಾಗಿದೆ ಎಂದು ಕಂಡುಹಿಡಿದರು, ಮೂರನೇ ನಿಮಿಷಕ್ಕೆ "ಇವಳೇನು ಹೇಳಿಕೊಡ್ತಾಳೆ ನನಗೆ" ಎಂದು ಆಫ್ ಮಾಡಿದರು. ಆ ಹುಡುಗಿ ಸೂಜಿಯನ್ನು ಇನ್ನೂ ಎತ್ತಿಕೊಂಡಿರಲಿಲ್ಲ.

ಹೆಂಡತಿ ತನ್ನ ಸೂಜಿ ಡಬ್ಬಿ ಜೊತೆಗೇ ಒಯ್ದಿದ್ದಳು. ಬೀರುವಿನ ಸಂದಿಯಲ್ಲಿ ಗುಂಡಿ ಹಾಕುವ ಒಂದು ಚೂಪು ಸೂಜಿ, ಒಂದು ಉಂಡೆ ಕಪ್ಪು ಹತ್ತಿ ದಾರ ಸಿಕ್ಕಿತು. ಕೆಂಪು ಉಣ್ಣೆಗೆ ಕಪ್ಪು ಹತ್ತಿ! ಗಿರಣಿಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಇದೇ ಸಾಹೇಬರು ಛಾವಣಿ ಹಾರಿಹೋಗುವಂತೆ ಕೂಗಾಡುತ್ತಿದ್ದರು. ದಾರ ಪೋಣಿಸುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ತೂತಿನ ಅಂಚು ನೋಡಿದರು. ಎಳೆಗಳು ಜೂಲುಜೂಲಾಗಿ ನಿಂತಿದ್ದವು. ಗಿರಣಿಯ ಬಟ್ಟೆಯಲ್ಲಿ ಹೊರಬಂದ ಎಳೆಯನ್ನು ಪುಟ್ಟ ಕತ್ತರಿಯಿಂದ ಕತ್ತರಿಸುವುದು ಅವರಿಗೆ ರೂಢಿ; ಇಲ್ಲೂ ಅಂಚನ್ನು ಸುತ್ತ ಸೊಗಸಾಗಿ ಕತ್ತರಿಸಿದರು. ನೇಯ್ದ ಬಟ್ಟೆ ಬೇರೆ, ಹೆಣೆದ ಸ್ವೆಟರು ಬೇರೆ ಎಂಬ ಸಣ್ಣ ವಿಷಯವನ್ನು ಮೂವತ್ತೊಂದು ವರ್ಷದ ಅನುಭವಸ್ಥರು ಮರೆತರು. ಒಂದು ಕುಣಿಕೆ ಕಡಿದರೆ ಮೇಲಿನದು ಜಾರುತ್ತದೆ, ಅದು ಜಾರಿದರೆ ಅದರ ಮೇಲಿನದು. ನೋಡನೋಡುತ್ತ ಅಲಸಂದೆ ಕಾಳು ನಿಂಬೆಹಣ್ಣಾಯಿತು. ಹಳೆಯ ವೃತ್ತವನ್ನು ತೂತು ನುಂಗಿಹಾಕಿದ್ದರಿಂದ ಸಾಹೇಬರು ಎದ್ದುಹೋಗಿ ಸೀಮೆಸುಣ್ಣ ತಂದು ದೊಡ್ಡದಾಗಿ ಇನ್ನೊಂದು ವೃತ್ತ ಎಳೆದರು. ಅಷ್ಟು ಮಾಡಿದ ಮೇಲೆ ಅವರಿಗೆ ಸ್ವಲ್ಪ ಸಮಾಧಾನವಾಯಿತಂತೆ.

ಆಮೇಲೆ ಹೊಲಿದರು. ಹೊಲಿದದ್ದು ವೃತ್ತದ ಗೆರೆಯ ಒಳಗೇ, ಗೆರೆ ದಾಟದಂತೆ ಎಚ್ಚರಿಕೆಯಿಂದ. ದಾರವನ್ನು ಜೋಡಿ ಮಾಡಿ, ತುದಿಗೆ ಕಡಲೆಕಾಳಿನಷ್ಟು ಗಂಟು ಹಾಕಿ, ಪ್ರತಿ ಸಲವೂ ಬಿಗಿಯಾಗಿ ಎಳೆದರು. ಬಿಗಿ ಇದ್ದಷ್ಟೂ ಗಟ್ಟಿ ಎಂದು ಅವರ ನಂಬಿಕೆ. ಮಧ್ಯಾಹ್ನದ ಹೊತ್ತಿಗೆ ಮೊಣಕೈ ಜಾಗ ಬಾಯಿ ಕಟ್ಟಿದ ಚೀಲದಂತೆ ಮುದುಡಿತ್ತು. ಎತ್ತಿ ಹಿಡಿದು ನೋಡಿದರು, ಪರವಾಗಿಲ್ಲ ಅನ್ನಿಸಿತು. ತೋಳಿನೊಳಗೆ ಕೈ ಹಾಕಿದರು. ಕೈ ಮೊಣಕೈಯವರೆಗೆ ಹೋಗಿ ನಿಂತಿತು. ತೋಳಿನ ಎರಡೂ ಪದರ ಸೇರಿಸಿ ಹೊಲಿದುಬಿಟ್ಟಿದ್ದರು. ಇನ್ನೊಬ್ಬರ ತಟ್ಟೆಯ ನೊಣ ಹುಡುಕುತ್ತಿದ್ದವರಿಗೆ ತಮ್ಮ ತಟ್ಟೆಯಲ್ಲಿ ಬಿದ್ದ ಹೆಗ್ಗಣ ಕಂಡಿತು. ಹತ್ತಿರ ಯಾರೂ ಇರಲಿಲ್ಲ, ಆದರೂ ಅವರು ಬಾಗಿಲ ಕಡೆ ನೋಡಿದರು.

ಶುಕ್ರವಾರ ಬೆಳಗ್ಗೆ ಬೂದು ಕೋಟು ತೊಟ್ಟು, ಸ್ವೆಟರನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ದೊಡ್ಡಕ್ಕನ ಮನೆಗೆ ಹೊರಟರು. ದೊಡ್ಡಕ್ಕ ಎಂದರೆ ರಫೂ ಕೋಣೆಯ ಮೊದಲ ಮೇಜಿನವಳು, ಹದಿನೆಂಟು ಹೆಂಗಸರಲ್ಲಿ ಹಿರಿಯಳು. ಈಗ ಸೈಕಲ್ ಅಂಗಡಿಯ ಹಿಂದಿನ ಒಂಟಿ ಕೋಣೆಯಲ್ಲಿದ್ದುಕೊಂಡು ಮನೆಗೆ ಬಂದವರ ಉಣ್ಣೆ ಬಟ್ಟೆ ರಫೂ ಮಾಡಿಕೊಡುತ್ತಿದ್ದಳು. ಒಂದು ಕಾಲದಲ್ಲಿ ಆಕೆಯ ಒಂದೇ ಒಂದು ತುಂಡನ್ನು ಸಾಹೇಬರು ಏಳು ಸಲ ವಾಪಸ್ ಕಳಿಸಿದ್ದರು. ಏಳನೆಯ ಸಲ ಅದರಲ್ಲಿ ತಪ್ಪೇನೂ ಇರಲಿಲ್ಲ. ಆರು ಸಲ ಕಳಿಸಿದ್ದನ್ನು ಏಳನೆಯ ಸಲ ಪಾಸು ಮಾಡಿದರೆ ಸದರ ಕೊಟ್ಟಂತಾಗುತ್ತದೆ ಎಂದು ಕಳಿಸಿದ್ದರು. ದಾರಿಯುದ್ದಕ್ಕೂ ಇದು ನೆನಪಾಗದಿರಲಿ ಎಂದುಕೊಂಡರು, ಅದೇ ನೆನಪಾಗುತ್ತಿತ್ತು.

ದೊಡ್ಡಕ್ಕ ಬಾಗಿಲು ತೆರೆದು ಕನ್ನಡಕದ ಮೇಲಿಂದ ನೋಡಿದಳು. "ಓಹೋ, ಸಾಹೇಬ್ರು! ಏನು, ವಾಪಸ್ ತಂದ್ರಾ?"

ಸಾಹೇಬರು ಪೊಟ್ಟಣ ಬಿಚ್ಚಿದರು. ದೊಡ್ಡಕ್ಕ ಸ್ವೆಟರನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಎತ್ತುವಂತೆ ಎತ್ತಿದಳು. ಮೊಣಕೈಯ ಮೇಲೆ ಕಣ್ಣು ಬಿದ್ದದ್ದೇ ತಡ, ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

"ಯಾರಪ್ಪಾ ಈ ಪುಣ್ಯಾತ್ಮ? ಕತ್ತೆ ಕಾಲಲ್ಲಿ ಹೊಲಿದ್ರೂ ಇದಕ್ಕಿಂತ ಚೆನ್ನಾಗಿರ್ತಿತ್ತು."

"ನಾನೇ" ಎಂದರು ಸಾಹೇಬರು.

"ಅದು ಗೊತ್ತಾಯ್ತು. ವೃತ್ತ ನೋಡಿದ್ರೆ ಗೊತ್ತಾಗಲ್ವಾ? ಅಲ್ಲ ಸಾಹೇಬ್ರೆ, ಗೆರೆಯೊಳಗೇ ಯಾಕೆ ಹೊಲಿದ್ರಿ?"

"ತೂತು ಇರೋದು ಒಳಗಲ್ವಾ?"

"ತೂತು ಒಳಗಿದೆ. ಆದ್ರೆ ಸೂಜಿಗೆ ಹಿಡಿಯೋಕೆ ಗಟ್ಟಿ ಬಟ್ಟೆ ಇರೋದು ಹೊರಗೆ. ಗೆರೆಯಿಂದ ಎರಡು ಬೆರಳು ಆಚೆಯಿಂದ ಶುರು ಮಾಡ್ಬೇಕು. ತೂತಿನ ಅಂಚಿಗೇ ಹೊಲಿದ್ರೆ ಅಂಚೇ ಕಿತ್ಕೊಂಡು ಬರುತ್ತೆ. ಇಷ್ಟು ವರ್ಷ ಗೀಚಿದ್ರಲ್ಲ, ಇದೊಂದು ಗೊತ್ತಾಗ್ಲಿಲ್ವಾ ನಿಮಗೆ?"

ಗೊತ್ತಾಗಿರಲಿಲ್ಲ. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಸಾಹೇಬರು ಕೋಟಿನ ಕಾಲರು ಸರಿಮಾಡಿಕೊಂಡು, "ಒಳ್ಳೇ ಬಟ್ಟೆ ಆದ್ರೆ ರಫೂ ಯಾಕೆ ಬೇಕಾಗುತ್ತೆ? ಈ ಕೋಟು ನೋಡಿ, ಇಪ್ಪತ್ತಾರು ವರ್ಷದಲ್ಲಿ ಒಂದು ತೂತು ಬಿದ್ದಿಲ್ಲ" ಎಂದರು.

ದೊಡ್ಡಕ್ಕನ ನಗು ನಿಂತಿತು. "ತೆಗೀರಿ ಕೋಟು."

"ಯಾಕೆ?"

"ತೆಗೀರಿ ಅಂದೆ."

ಆಕೆ ಕೋಟನ್ನು ತಿರುವಿ, ಒಳಗಿನ ಅಸ್ತರಿಯ ಕೆಳ ಅಂಚನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದಳು. "ಇಲ್ಲಿ ನೋಡಿ. ಇದು ನುಸಿ ತಿಂದಿದ್ದು. ಇದು ಮೊಳೆಗೆ ಸಿಕ್ಕಿ ಹರಿದಿದ್ದು. ಇದು ಕಿಡಿ ಬಿದ್ದು ಸುಟ್ಟಿದ್ದು, ನೀವು ಬೀಡಿ ಸೇದ್ತಿದ್ರಲ್ಲ ಆಗಿನ್ದು. ಜೇಬಿನ ಕೆಳಗೆ ಎರಡು." ಎಣಿಸುತ್ತ ಹೋದಳು. ಒಟ್ಟು ಒಂಬತ್ತು. ಒಳಮೈಯಲ್ಲಿ ಪ್ರತಿಯೊಂದರ ತುದಿಗೂ ಅಕ್ಕಿಕಾಳಿನಷ್ಟು ಉದ್ದದ ಎಳೆ ಬಿಟ್ಟಿತ್ತು. ಸಾಹೇಬರು ಕೋಟನ್ನು ಕಸಿದು ಮೇಲ್ಮೈಗೆ ತಿರುಗಿಸಿ ಕಣ್ಣು ಮುಚ್ಚಿ ಅಂಗೈ ಓಡಿಸಿದರು. ಏನೂ ಸಿಗಲಿಲ್ಲ. ಕಣ್ಣು ತೆರೆದು ಮೂಗಿನ ಹತ್ತಿರ ತಂದರು. ಆಗಲೂ ಸಿಗಲಿಲ್ಲ.

"ಅದು ನಾಲ್ಕನೇ ಮೇಜಿನ ಕೈ" ಎಂದಳು ದೊಡ್ಡಕ್ಕ. "ಎಳೆ ತುದಿ ಬಿಡೋದು ಅವಳ ಪದ್ಧತಿ. ಒಗೆದಾಗ ಉಣ್ಣೆ ಎಳಕೊಳ್ಳುತ್ತೆ, ಮೋಟಾಗಿ ಕತ್ತರಿಸಿದ್ರೆ ಬಿಚ್ಕೊಳ್ಳುತ್ತೆ ಅಂತ. ನೀವು ಯಾವತ್ತು ಉಲ್ಟಾ ಕಡೆ ನೋಡಿದೀರಿ? ನಾವೆಲ್ಲ ಇದ್ದಿದ್ದು ಉಲ್ಟಾ ಕಡೆನೇ."

ದೊಡ್ಡಕ್ಕ ಬಿಡುವವಳಲ್ಲ. ತನ್ನ ಎಡತೋಳನ್ನು ಅವರ ಮುಖದ ಮುಂದೆ ಚಾಚಿದಳು. ಅವಳ ಸ್ವೆಟರಿನ ಎಡ ಮೊಣಕೈಯಲ್ಲೂ ರಫೂ ಇತ್ತು, ಒಂದರ ಮೇಲೊಂದು.

"ನಮ್ಮೆಲ್ಲರದ್ದೂ ಎಡ ಮೊಣಕೈಯೇ ಮೊದ್ಲು ಹರಿಯೋದು. ಬಟ್ಟೆ ಅಲುಗಾಡದಂತೆ ಎಡಗೈಲಿ ಹಿಡಿದು, ಮೊಣಕೈನ ಮೇಜಿಗೆ ಊರಿ ಕೂತಿರ್ತೀವಿ. ಅವಳು ಗಿರಣಿ ಬಿಟ್ಟು ಎಷ್ಟು ವರ್ಷ ಆಯ್ತು? ಆ ಸ್ವೆಟರು ಹೆಣೆದಿದ್ದು ಅದಾದ್ಮೇಲೆ ಅಲ್ವಾ? ಯಾರ ಬಟ್ಟೆ ಹೊಲೀತಾ ಆ ತೂತು ಬಿತ್ತು ಅಂತ ನಾನು ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಸಾಹೇಬರಿಗೆ ನಾಚಿಕೆಯಾಯಿತು. ಈ ಮನುಷ್ಯನಿಗೆ ನಾಚಿಕೆ ಎಂಬುದೊಂದು ಇದೆ ಎಂದು ಹೇಳಿದರೆ ಹದಿನೆಂಟು ಹೆಂಗಸರಲ್ಲಿ ಒಬ್ಬಳೂ ನಂಬುವುದಿಲ್ಲ, ಆದರೆ ಆಯಿತು. ಭಾನುವಾರ ಬರುತ್ತಾಳೆ, ಬಟ್ಟೆ ತೆಗೆದುಕೊಂಡು ಹೋಗಿಬಿಡುತ್ತಾಳೆ ಎಂದು ದೊಡ್ಡಕ್ಕನಿಗೆ ಎಲ್ಲ ಹೇಳಿದರು. "ನೀವೇ ಮಾಡಿಕೊಡಿ. ಕೈ ಮುಗೀತೀನಿ" ಎಂದರು.

"ನಾನು ಮಾಡಿದ್ರೆ ಅವಳು ಕತ್ತಲಲ್ಲೂ ನನ್ನ ಕೈ ಗುರುತು ಹಿಡೀತಾಳೆ. ಆಗ ನೀವು ತೂತನ್ನೂ ಬೇರೆಯವರಿಗೆ ದಾಟಿಸಿದ್ರಿ ಅಂತಾಗುತ್ತೆ. ಕೂತ್ಕೊಳ್ಳಿ. ನೀವೇ ಮಾಡಿ."

ಹೀಗೆ ಸುಣ್ಣದ ಸಾಹೇಬರ ವಿದ್ಯಾಭ್ಯಾಸ ಶುರುವಾಯಿತು. ಮೊದಲು ತಾವು ಹೊಲಿದದ್ದನ್ನೆಲ್ಲ ಬಿಚ್ಚಬೇಕಾಯಿತು, ಅದಕ್ಕೇ ಎರಡು ಗಂಟೆ. ಜಾರಿದ ಕುಣಿಕೆಗಳನ್ನು ದೊಡ್ಡಕ್ಕ ಸಣ್ಣ ಕೊಕ್ಕೆಯಿಂದ ಒಂದೊಂದಾಗಿ ಮೇಲೆತ್ತಿಸಿದಳು. ಕೆಟ್ಟುಹೋದ ಒಂದು ದೊಡ್ಡ ಬಲ್ಬನ್ನು ತೋಳಿನೊಳಗೆ ತೂರಿಸಿ, "ಇದು ಒಳಗಿದ್ರೆ ಎರಡು ಪದರ ಸೇರಿಸಿ ಹೊಲಿಯೋ ಘನಂದಾರಿ ಕೆಲಸ ಆಗಲ್ಲ" ಎಂದಳು. ಮೊಂಡು ತುದಿಯ, ಅಗಲ ಕಣ್ಣಿನ ಸೂಜಿ ಕೊಟ್ಟಳು. ಉಣ್ಣೆ ದಾರದ ತುದಿಗೆ ಎಂಜಲು ಹಚ್ಚಿ ಪೋಣಿಸಲು ಸಾಹೇಬರು ಒದ್ದಾಡುತ್ತಿದ್ದಾಗ, ಕಸಿದುಕೊಂಡು, ದಾರವನ್ನು ಸೂಜಿಯ ಮೇಲೆ ಮಡಿಸಿ ಬಿಗಿಯಾಗಿ ಚಿವುಟಿ, ಆ ಮಡಿಕೆಯನ್ನೇ ಕಣ್ಣಿಗೆ ನೂಕಿದಳು. ಒಂದೇ ಸಲಕ್ಕೆ ಹೋಯಿತು.

"ಮೊದ್ಲು ಹಾಸು. ಉದ್ದಕ್ಕೆ, ಒಂದರ ಪಕ್ಕ ಒಂದು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ತಿರುಗೋ ಜಾಗದಲ್ಲಿ ಸಣ್ಣ ಸಡಿಲ ಬಿಡಿ. ಎಳೀಬೇಡಿ! ಎಳೀಬೇಡಿ ಅಂದೆ! ಹಗ್ಗ ಜಗ್ಗಾಟ ಆಡ್ತಿದೀರಾ? ಆಮೇಲೆ ಹೊಕ್ಕು. ಅಡ್ಡಕ್ಕೆ, ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ. ಮುಂದಿನ ಸಾಲಲ್ಲಿ ತಿರುಗಾಮುರುಗಾ. ಗಂಟು ಹಾಕ್ಬೇಡಿ, ಮೊಣಕೈಗೆ ಚುಚ್ಚುತ್ತೆ."

ಕೇಳಿದರೆ ಸುಲಭ. ಮಾಡಲು ಕೂತರೆ ಎಳೆಗಳು ಒಂದರ ಮೇಲೊಂದು ಹತ್ತಿದವು, ಒಂದು ಸಾಲು ಕೆಳಗೆ ಹೋಗಬೇಕಾದಲ್ಲಿ ಮೇಲೆ ಹೋಯಿತು, ಬಲಕ್ಕೆ ದಟ್ಟವಾದದ್ದು ಎಡಕ್ಕೆ ತೆಳ್ಳಗಾಯಿತು. ಸೂಜಿ ಹಿಡಿದ ಬೆರಳು ಮರಗಟ್ಟಿತು. ಕತ್ತು ನೋವು ತಲೆಗೆ ಏರಿತು. ಅವರ ಮೇಜಿನಿಂದ ಒಂದೊಂದು ದಿನ ಮೂವತ್ತು ನಲವತ್ತು ವೃತ್ತ ಗೋಡೆಯಾಚೆ ಹೋಗುತ್ತಿದ್ದವು. ಒಂದೊಂದಕ್ಕೆ ಇಷ್ಟು ಹೊತ್ತು, ಇಷ್ಟು ನೋವು ಎಂದು ಲೆಕ್ಕ ಹಾಕಲು ಹೋಗಿ ಹೆದರಿ ಬಿಟ್ಟುಬಿಟ್ಟರು. ಶನಿವಾರವಿಡೀ ಹೊಲಿದರು. ಸಂಜೆ ದೊಡ್ಡಕ್ಕ ನೋಡಿ, ಹೊಗಳಲೂ ಇಲ್ಲ, ಬೈಯಲೂ ಇಲ್ಲ. "ತೂತು ಮುಚ್ಚಿದೆ" ಎಂದಳು.

ಭಾನುವಾರ ಹನ್ನೊಂದು ಗಂಟೆಗೆ ಹೆಂಡತಿ ಬಂದಳು. ಖಾಲಿ ಚೀಲಗಳು ಎರಡು, ಹೊದ್ದುಕೊಂಡದ್ದು ತಂಗಿಯ ತೆಳ್ಳನೆಯ ಶಾಲು. ಸ್ವೆಟರು ಮೇಜಿನ ಮೇಲೆ, ಮೊಣಕೈ ಮೇಲೆ ಬರುವಂತೆ ಮಡಿಸಿಟ್ಟಿತ್ತು. ಆಕೆ ಅದನ್ನು ನೋಡಿದಳು, ಮುಟ್ಟಲಿಲ್ಲ. ಒಳಗೆ ಹೋಗಿ ಬೀರು ತೆರೆದು ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಸಾಹೇಬರು ಬಾಗಿಲ ಹತ್ತಿರ ನಿಂತಿದ್ದರು.

"ನನ್ನ ಕೋಟಿನ ಒಳಗೆ ಒಂಬತ್ತು ರಫೂ ಇದೆ" ಎಂದರು ಕೊನೆಗೆ.

ಆಕೆ ಮಡಿಸುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ ಹೇಳಿದಳು: "ಹನ್ನೊಂದು."

ದೊಡ್ಡಕ್ಕ ತೋರಿಸಿಕೊಟ್ಟ ಮೇಲೂ ಸಾಹೇಬರಿಗೆ ಎರಡು ಸಿಕ್ಕಿರಲಿಲ್ಲ. ನೋಡೋಕೆ ಕಣ್ಣು ಬೇಕು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ ಆ ಕಣ್ಣುಗಳನ್ನು ಅವರು ಒರೆಸಿಕೊಂಡರು. "ನಾನು ನೋಡ್ಲೇ ಇಲ್ಲ" ಎಂದರು. "ಅವತ್ತು ಅವರೆದುರಿಗೆ ಹಾಗೆ ಮಾಡಬಾರದಿತ್ತು. ಯಾರೂ ಇಲ್ಲದಾಗ್ಲೂ ಮಾಡಬಾರದಿತ್ತು."

ಚೀಲದ ಬಾಯಿ ಕಟ್ಟಿ ಆಕೆ ಹೊರಗೆ ಬಂದು ಸ್ವೆಟರನ್ನು ಎತ್ತಿಕೊಂಡಳು. ಮೊದಲು ಉಲ್ಟಾ ಮಾಡಿದಳು. ಎಳೆಯ ತುದಿಗಳನ್ನು ನೋಡಿದಳು. ಆಮೇಲೆ ತಿರುವಿ, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮೆಲ್ಲಗೆ ಓಡಿಸಿದಳು. ಬೆರಳು ಮೂರು ಕಡೆ ನಿಂತಿತು. ಮೂರನ್ನೂ ಸಾಹೇಬರು ಎಣಿಸಿದರು.

"ಯಾರು ಹೇಳಿಕೊಟ್ಟಿದ್ದು?"

"ದೊಡ್ಡಕ್ಕ."

"ಅವಳು ಇದಕ್ಕೆ ಸೂಜಿ ಹಾಕಿದ್ಲಾ?"

"ಇಲ್ಲ. ನಾನೇ."

"ಗೊತ್ತಾಗುತ್ತೆ" ಎಂದಳು ಆಕೆ. "ಒಂದು ಕೇಳ್ತೀನಿ, ನಿಜ ಹೇಳಿ. ಇದು ನಿಮ್ಮ ಮೇಜಿಗೆ ಬಂದಿದ್ರೆ ಪಾಸ್ ಮಾಡ್ತಿದ್ರಾ?"

ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಹೂಂ ಅಂದಿದ್ದರೆ ಆಕೆ ಬಹುಶಃ ನಕ್ಕಾದರೂ ನಗುತ್ತಿದ್ದಳು. ಸಾಹೇಬರು ಸ್ವೆಟರನ್ನು ನೋಡಿದರು, ಆಕೆಯ ಮುಖ ನೋಡಿದರು.

"ಇಲ್ಲ" ಎಂದರು.

"ಮತ್ತೆ ನಾನ್ಯಾಕೆ ಮಾಡ್ಲಿ?"

ಸ್ವೆಟರನ್ನು ಮೊದಲಿದ್ದಂತೆಯೇ ಮಡಿಸಿ ಮೇಜಿನ ಮೇಲಿಟ್ಟು, ಎರಡೂ ಚೀಲ ಎತ್ತಿಕೊಂಡು ಆಕೆ ಮೆಟ್ಟಿಲ ಕಡೆ ನಡೆದಳು. ಸಾಹೇಬರು ಹಿಂದೆಯೇ ಹೋದರು. "ಹೊರಗೆ ಚಳಿ ಇದೆ ಕಣೇ. ಹೇಗಾದ್ರೂ ಇರ್ಲಿ, ಈಗ ಹಾಕ್ಕೊಂಡು ಹೋಗು."

"ಮೊಣಕೈಗೆ ಒತ್ತುತ್ತೆ" ಎಂದಳು. ಎರಡು ಮೆಟ್ಟಿಲು ಇಳಿದು ನಿಂತು, ಹಿಂದೆ ತಿರುಗದೆ, "ಬಿಚ್ಚಿ ಇನ್ನೊಂದ್ಸಲ ಮಾಡಿ. ಮುಂದಿನ ಭಾನುವಾರ ಬಂದು ನೋಡ್ತೀನಿ" ಎಂದಳು.

ಮಾಡಿದರೆ ಇರುತ್ತೀಯಾ ಎಂದು ಕೇಳಲು ಸಾಹೇಬರು ಬಾಯಿ ತೆರೆದರು. ಕೇಳಲು ಧೈರ್ಯ ಬರಲಿಲ್ಲ. ಆಕೆ ತೆಳ್ಳನೆಯ ಶಾಲನ್ನು ಕತ್ತಿಗೆ ಎಳೆದುಕೊಂಡು ರಸ್ತೆ ದಾಟಿ ಹೋಗುವುದನ್ನು ಕಿಟಕಿಯಿಂದ ನೋಡಿ, ಅವರು ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಎಳೆ ಬಿಚ್ಚಿದರು.